ಹತ್ತೊಂಬತ್ತರ ಮಗ್ಗಿಯ ಕಾರ್ಡು

ಚನ್ನಗಿರಿಯ ಫೋಟೋದವರು ತೀರಿಕೊಂಡರಂತೆ ಎಂದು ನಾನು ಫೋನಿಟ್ಟು ಹೇಳಿದಾಗ ನನ್ನ ಹೆಂಡತಿ ಕೈಯಲ್ಲಿದ್ದ ಚಾರ್ಜರನ್ನು ಕೌಂಟರಿನ ಮೇಲಿಟ್ಟು, "ಇಷ್ಟು ಬೇಗನಾ?" ಎಂದಳು. ಅವರಿಗೆ ಎಪ್ಪತ್ತೆರಡಾಗಿತ್ತು. ಒಂದು ವರ್ಷದಿಂದ ಆರಾಮಿರಲಿಲ್ಲ. ಆದರೂ ಅವಳ ಮಾತು ನನಗೆ ವಿಚಿತ್ರ ಅನ್ನಿಸಲಿಲ್ಲ. ಆ ಮನುಷ್ಯ ಯಾವ ಕೆಲಸವನ್ನೂ ಬೇಗ ಮಾಡಿದ್ದನ್ನು ನಾವಿಬ್ಬರೂ ಕಂಡವರಲ್ಲ.

ಹೊನ್ನಾಳಿ ಬಸ್ ಸ್ಟ್ಯಾಂಡಿನ ಎದುರು ನಮ್ಮದೊಂದು ಸಣ್ಣ ಅಂಗಡಿ. ಮೊಬೈಲ್ ಕವರು, ಚಾರ್ಜರು, ಇಯರ್‌ಫೋನು, ಮೆಮೊರಿ ಕಾರ್ಡು ಮಾರುತ್ತೇವೆ. ಅವರು ಮೊದಲ ಸಲ ಬಂದ ದಿನ ಬಾಗಿಲ ಹೊರಗೆ ನಿಂತು ನಮ್ಮ ಬೋರ್ಡನ್ನು ಪೂರ್ತಿ ಓದಿದರು. ಬೋರ್ಡಿನಲ್ಲಿ ಇದ್ದದ್ದು ನಾಲ್ಕೇ ಪದ. ಒಳಗೆ ಬಂದವರು ಹೆಗಲಿನ ಬಟ್ಟೆಚೀಲ ಇಳಿಸಿ, "ಮೆಮೊರಿ ಕಾರ್ಡ್ ಐತಾ ಭಾಯಿ?" ಎಂದರು.

"ಐತೆ ಸಾರ್. ಎಷ್ಟು ಜೀಬಿದು ಬೇಕು?"

ಅವರು ಯೋಚಿಸತೊಡಗಿದರು. ಅಷ್ಟರಲ್ಲಿ ನಾನು ಒಬ್ಬರ ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಅಂಟಿಸಿ ಕಳಿಸಿದೆ. ಆಮೇಲೆ ಉತ್ತರ ಬಂತು. "ಜೀಬಿ ನೀವೇ ನೋಡಿ ಕೊಡ್ರಿ. ನಂಗೆ ಬೇಕಾಗಿರೋದು ಸ್ಪೀಡು."

ಕ್ಯಾಮೆರಾದ ಕಾರ್ಡು ಚನ್ನಗಿರಿಯಲ್ಲೇ ಸಿಗುವುದಿಲ್ಲವೇ ಎಂದು ಕೇಳಿದೆ. "ಸಿಗ್ತಾವೆ. ಆದ್ರೆ ನಾನು ಹೋದಾಗೆಲ್ಲ ಓನರ್ ಇರಲ್ಲ. ಮೊನ್ನೆ ಓನರೇ ಹೊರಗೆ ಬಂದು ಓನರ್ ಇಲ್ಲ ಅಂದ್ರು" ಎಂದರು. ದೂರುವ ದನಿಯಿರಲಿಲ್ಲ. ಓನರ್ ಎಲ್ಲಿಗೆ ಹೋಗಿರಬಹುದು ಎಂಬ ಕಾಳಜಿಯೇ ಇದ್ದಂತಿತ್ತು.

ಆ ಓನರ್ ಯಾಕೆ ಮರೆಯಾಗುತ್ತಿದ್ದ ಎಂಬುದು ಹತ್ತು ನಿಮಿಷದಲ್ಲಿ ತಿಳಿಯಿತು. ನಾನು ಮುಂದಿಟ್ಟ ಕಾರ್ಡನ್ನು ಅವರು ಕೊಳ್ಳುವ ಮೊದಲು ಪರೀಕ್ಷೆ ಮಾಡಬೇಕು. ಚೀಲದಿಂದ ಟವೆಲಿನಲ್ಲಿ ಸುತ್ತಿದ ಕ್ಯಾಮೆರಾ ತೆಗೆದರು, ಕಾರ್ಡು ಹಾಕಿದರು, ನನ್ನ ಕಡೆ ತಿರುಗಿ, "ಒಂಚೂರು ಹಾರ್ತೀರಾ?" ಎಂದರು.

"ಯಾಕ್ ಸಾರ್?"

"ನಿಂತಿದ್ದನ್ನ ತೆಗೆದ್ರೆ ಕಾರ್ಡಿಗೆ ಅವಸರ ಇರಲ್ಲ."

ನನ್ನಂಥ ದಢೂತಿ ಮನುಷ್ಯ ಅಂಗಡಿಯ ಮುಂದೆ ಯಾಕೆ ಹಾರಿದೆನೋ ಇವತ್ತಿಗೂ ಹೇಳಲಾರೆ. ಅವರು ಅಷ್ಟು ಗಂಭೀರವಾಗಿ ಕೇಳಿದರೆ ಯಾರಿಗೂ ಇಲ್ಲ ಅನ್ನಲಾಗುತ್ತಿರಲಿಲ್ಲ. ನಾನು ಹಾರುತ್ತಿದ್ದಷ್ಟು ಹೊತ್ತೂ ಅವರು ಬಟನ್ ಒತ್ತಿ ಹಿಡಿದರು. ಕ್ಯಾಮೆರಾ ಟಕಟಕ ಎಂದು ಹೊಡೆದುಕೊಂಡು ಕೊನೆಗೆ ಉಸಿರು ಕಟ್ಟಿದಂತೆ ನಿಂತಿತು. ತೆಗೆದ ಫೋಟೋಗಳನ್ನೆಲ್ಲ ಕಾರ್ಡಿನ ಮೇಲೆ ಬರೆದು ಮುಗಿಸುವವರೆಗೆ ಕ್ಯಾಮೆರಾದ ಹಿಂದೆ ಒಂದು ಕೆಂಪು ದೀಪ ಮಿಣುಕುತ್ತದೆ. ಅದು ಮಿಣುಕುವಷ್ಟು ಹೊತ್ತೂ ಮುಂದಿನ ಫೋಟೋ ಸರಿಯಾಗಿ ತೆಗೆಯಲಾಗದು. ಆ ಹೊತ್ತನ್ನು ಅಳೆಯಲು ಅವರು ಹತ್ತೊಂಬತ್ತರ ಮಗ್ಗಿ ಹೇಳುತ್ತಿದ್ದರು. "ಹತ್ತೊಂಬತ್ತೊಂದ್ಲ ಹತ್ತೊಂಬತ್ತು. ಹತ್ತೊಂಬತ್ತೆರಡ್ಲ ಮೂವತ್ತೆಂಟು." ಏಳ್ಲ ನೂರಾ ಮೂವತ್ತಮೂರಕ್ಕೆ ಬಂದಾಗ ದೀಪ ಆರಿತು. ಕಾರ್ಡು ಹೊರತೆಗೆದು ಕೌಂಟರಿನ ಮೇಲಿಟ್ಟು, "ಇದು ಏಳರದ್ದು. ನಂಗೆ ಮೂರರೊಳಗೆ ಬೇಕು" ಎಂದರು.

ಕೈಯಲ್ಲಿ ವಾಚಿತ್ತು. ಅದರಲ್ಲಿ ಸೆಕೆಂಡಿನ ಮುಳ್ಳೂ ಇತ್ತು. ಯಾಕೆ ನೋಡುವುದಿಲ್ಲ ಎಂದು ಕೇಳಿದ್ದಕ್ಕೆ, "ಎರಡು ಕಣ್ಣೂ ದೀಪದ ಮ್ಯಾಲೆ ಇರ್ತಾವಲ್ರೀ" ಎಂದರು.

ಹೀಗೆ ಐದು ಸಲ ಬಂದರು. ಹನ್ನೊಂದು ಕಾರ್ಡು ಪರೀಕ್ಷೆಯಾದವು. ನನ್ನ ಹೆಂಡತಿ ಅವರಿಗೆ ಮಂಡಕ್ಕಿ ಕೊಡುತ್ತಿದ್ದಳು. ಮಂಡಕ್ಕಿಯನ್ನು ಒಂದೊಂದೇ ಕಾಳು ಎತ್ತಿ ತಿನ್ನುವವರನ್ನು ನಾನು ಅವರೊಬ್ಬರನ್ನೇ ಕಂಡದ್ದು. ಮೂರನೆಯ ಭೇಟಿಯ ಹೊತ್ತಿಗೆ ಅವಳು ಒಂದು ಸಂಗತಿ ಪತ್ತೆ ಮಾಡಿದಳು. ಹೊಟ್ಟೆ ತುಂಬಿದ್ದರೆ ಅವರು ಮಗ್ಗಿಯನ್ನು ಇನ್ನೂ ಎಳೆದು ಹೇಳುತ್ತಾರೆ, ಹಾಗಾಗಿ ಅದೇ ಕಾರ್ಡು ಇನ್ನಷ್ಟು ಫಾಸ್ಟಾಗಿ ಕಾಣುತ್ತದೆ. ಇದನ್ನು ಅವರ ಮುಂದೆಯೇ ಹೇಳಿಬಿಟ್ಟಳು. ಅವರು ಬಹಳ ಹೊತ್ತು ಯೋಚಿಸಿ, "ನೀವು ಹೇಳಾದು ಖರೆ ತಂಗಿ" ಎಂದು, ಅಲ್ಲಿಯವರೆಗೆ ಮಾಡಿದ ಪರೀಕ್ಷೆಗಳನ್ನೆಲ್ಲ ರದ್ದು ಮಾಡಿ, ಮತ್ತೆ ಮೊದಲಿನಿಂದ, ಬರಿಹೊಟ್ಟೆಯಲ್ಲಿ ಶುರು ಮಾಡಿದರು. ನಾನೂ ಮತ್ತೆ ಮೊದಲಿನಿಂದ ಹಾರಿದೆ.

ಅವರ ಜೊತೆ ನಾನೂ ಕಲಿತೆ. ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಅಂಕಿ ಓದುವ ವೇಗದ್ದು. ಬರೆಯುವ ವೇಗವನ್ನು ಬಹಳ ಕಂಪನಿಯವರು ಹೊರಗೆ ಹೇಳುವುದೇ ಇಲ್ಲ. ಕ್ಯಾಮೆರಾಗೆ ಬೇಕಾದದ್ದು ಅದೇ. ಇದನ್ನು ಹೇಳಿದಾಗ ಅವರು, "ಓದಾದು ಜೋರು, ಬರಿಯಾದು ನಿಧಾನ. ಹೈಸ್ಕೂಲಿನಾಗೆ ನಂದೂ ಅದೇ ಕತೆ" ಎಂದರು. ಬೆನ್ನಲ್ಲಿ ಒಂದರ ಬದಲು ಎರಡು ಸಾಲು ಲೋಹದ ಹಲ್ಲಿರುವ ಬಹಳ ಫಾಸ್ಟ್ ಕಾರ್ಡೊಂದನ್ನು ದಾವಣಗೆರೆಯಿಂದ ತರಿಸಿಕೊಟ್ಟೆ. ಪರೀಕ್ಷೆ ಮಾಡಿದರೆ ಅದೂ ಸಾಧಾರಣ ಕಾರ್ಡಿನಷ್ಟೇ ಹೊತ್ತು ತೆಗೆದುಕೊಂಡಿತು. ಅವರ ಕ್ಯಾಮೆರಾ ಹಳೆಯದು, ಒಂದೇ ಸಾಲು ಹಲ್ಲನ್ನು ಬಲ್ಲದ್ದು. ಎರಡನೆಯ ಸಾಲು ಅದರ ಪಾಲಿಗೆ ಇದ್ದೂ ಇಲ್ಲ.

ನಡುವೆ ಒಂದು ಕಾರ್ಡನ್ನು ಪರೀಕ್ಷೆಗೆಂದು ಜಗಳೂರು ಸೀಮೆಗೆ ಒಯ್ದರು. ಬಿಳಿಚೋಡಿನ ದಾರಿಯಲ್ಲಿ ದೊಡ್ಡ ಕುರಿಹಿಂಡು ಕಂಡಿದೆ. ಕುರಿ ಓಡಿದರೆ ಚೆನ್ನಾಗಿರುತ್ತದೆಂದು ಕುರಿಯವನ ಹತ್ತಿರ ಹೋಗಿ, "ಇವನ್ನ ಸ್ವಲ್ಪ ಓಡಿಸ್ತೀರಾ, ಕಾರ್ಡ್ ಟೆಸ್ಟ್ ಮಾಡಾಕೆ" ಎಂದಿದ್ದಾರೆ.

"ಕುರಿಗೂ ಕಾರ್ಡ್ ಬಂತಾ?" ಎಂದು ಆತ ಕೇಳಿದ. ಇವರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಆತ ಎಂಬತ್ತನಾಲ್ಕು ಕುರಿಗಳನ್ನೂ ಬೇಲಿಯ ಪಕ್ಕ ಸಾಲು ಹಿಡಿಸಿ, ಒಂದೊಂದನ್ನೇ ಕಿವಿ ಹಿಡಿದು ಮುಂದೆ ತಂದು, "ಇದ್ರದು ತೆಗೀರಿ" ಎಂದಿದ್ದಾನೆ. ಅದು ಬೇರೆ ಕಾರ್ಡು ಎಂದು ಹೇಳಲಿಲ್ಲವೇ ಎಂದು ನಾನು ಕೇಳಿದೆ. "ಹೇಳಾನ ಅಂತಿದ್ದೆ ಭಾಯಿ. ಅಷ್ಟೊತ್ತಿಗೆ ಇಪ್ಪತ್ತು ಕುರಿ ಆಗಿದ್ವು. ಉಳಿದವಕ್ಕೆ ಅನ್ಯಾಯ ಆಗ್ತಿತ್ತು." ಎಂಬತ್ತನಾಲ್ಕನ್ನೂ ತೆಗೆದರು. ಹದಿನೈದು ದಿನ ಬಿಟ್ಟು ಎಂಬತ್ತನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ ಪ್ರಿಂಟ್ ಹಾಕಿಸಿ, ಬಿಳಿಚೋಡಿಗೆ ಹೋಗಿ ಕೊಟ್ಟೂ ಬಂದರು. ಕುರಿಯವನು ಒಂದೊಂದನ್ನೂ ನೋಡಿ, ಯಾವುದು ಯಾವ ಕುರಿ ಎಂದು ಗುರುತು ಹಿಡಿದನಂತೆ. ಒಂದನ್ನು ಮಾತ್ರ ಪಕ್ಕಕ್ಕಿಟ್ಟು, "ಇದು ನಮ್ಮದಲ್ಲ" ಎಂದನಂತೆ. ಅಲ್ಲಿ ಸ್ವಲ್ಪ ವಾದವೂ ಆಯಿತಂತೆ.

ಇಷ್ಟು ನಿಧಾನದ ಮನುಷ್ಯನಿಗೆ ಸ್ಪೀಡ್ ಕಾರ್ಡು ಯಾಕೆ ಎಂದು ನಾನು ಕೇಳಿರಲಿಲ್ಲ. ನಾಲ್ಕನೆಯ ಸಲ ಬಂದಾಗ ಅವರೇ ಹೇಳಿದರು.

ಅವರು ರೀಲಿನ ಕಾಲದವರು. ಒಂದು ಮದುವೆಗೆ ಮೂವತ್ತಾರು ಫೋಟೋ, ಹೆಚ್ಚೆಂದರೆ ಎಪ್ಪತ್ತೆರಡು. ಒಂದು ಫೋಟೋ ತೆಗೆಯಲು ಹತ್ತು ಸಲ ಯೋಚಿಸುವ ಅಭ್ಯಾಸ. ಮದುವೆ ಮನೆಯವರು ಅವರಿಗೆ ಮುಹೂರ್ತ ಒಂದು ಗಂಟೆ ಮುಂಚೆಯೇ ಇದೆ ಎಂದು ಸುಳ್ಳು ಹೇಳುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಹಾಗಾಗಿ ಒಂದು ಗಂಟೆ ತಡವಾಗಿಯೇ ಹೊರಡುತ್ತಿದ್ದರು. ಡಿಜಿಟಲ್ ಕ್ಯಾಮೆರಾ ಬಂದ ಹೊಸದರಲ್ಲಿ ಸಂತೇಬೆನ್ನೂರಿನಲ್ಲಿ ಒಂದು ಮದುವೆ. ಅಕ್ಷತೆ ಹಿಡಿದ ಜನ, ಬಾಸಿಂಗ, ವಾಲಗದವರು ಎಂದು ಒಂದರ ಹಿಂದೆ ಒಂದು ತೆಗೆದಿದ್ದಾರೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಕೆಂಪು ದೀಪ ಮಿಣುಕುತ್ತ ಕೂತಿದೆ. ಬಟನ್ ಒತ್ತಿದರೆ ಒತ್ತಿಕೊಳ್ಳುತ್ತಿಲ್ಲ. ದೀಪ ಆರುವ ಹೊತ್ತಿಗೆ ಮೂರನೆಯ ಗಂಟೂ ಬಿದ್ದು, ಗಂಡು ಕೈ ಒರೆಸಿಕೊಳ್ಳುತ್ತಿದ್ದ.

"ಬೈದ್ರಾ?" ಎಂದೆ.

"ಬೈದಿದ್ರೆ ಆಗ್ತಿತ್ತು. ಹೆಣ್ಣಿನ ಅಪ್ಪ ಏನೂ ಅನ್ಲಿಲ್ಲ. ಎರಡು ವರ್ಷದ ಮ್ಯಾಲೆ ಆ ಹುಡುಗಿ ಕೂಸಿಗೆ ಹೆಸ್ರಿಡಾಕೆ ನನ್ನನ್ನೇ ಕರೆದ್ರು. ಆಲ್ಬಂ ತೋರ್ಸಿದ್ರು. ತಾಳಿ ಫೋಟೋ ಇರೋ ಕಡೆ ಒಂದು ಪುಟ ಖಾಲಿ ಬಿಟ್ಟವ್ರೆ ಭಾಯಿ. ನೋಡೋವಾಗ ಆ ಪುಟಾನೂ ತಿರುವಿ ಹಾಕಲ್ಲ. ಅಲ್ಲೂ ಸ್ವಲ್ಪ ಹೊತ್ತು ನಿಂತು ನೋಡ್ತಾರೆ."

ಹಾಗೆಂದು ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತತೊಡಗಿದರು.

ಐದನೆಯ ಭೇಟಿಯಲ್ಲಿ ಒಂದು ಕಾರ್ಡು ಹತ್ತೊಂಬತ್ಮೂರ್ಲ ಐವತ್ತೇಳು ಮುಗಿಯುವ ಮೊದಲೇ ದೀಪ ಆರಿಸಿತು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಾರ್ಡನ್ನು ಜೇಬಿಗಿಟ್ಟುಕೊಂಡು, "ದೀಪಾವಳಿ ಆದ ಮ್ಯಾಲೆ ನ್ಯಾಮತಿ ಹತ್ರ ಹೋರಿ ಬೆದರ್ಸೋದು ಐತೆ. ನೀವೂ ಬರ್ಬೇಕು" ಎಂದರು. ನಾನ್ಯಾಕೆ ಎಂದೆ. "ಕಾರ್ಡಿನ ತವರುಮನೆಯವರು ಯಾರಾದ್ರೂ ಇರ್ಬೇಕಲ್ರೀ."

ಹೋದೆ. ಹೋರಿ ಬೆದರಿಸುವುದೆಂದರೆ ಎರಡು ಕಡೆ ಬೊಂಬಿನ ಬೇಲಿ ಕಟ್ಟಿದ ಉದ್ದನೆಯ ಹಾದಿಯಲ್ಲಿ ಒಂದೊಂದೇ ಹೋರಿ ಬಿಡುತ್ತಾರೆ. ಕೊಂಬಿಗೆ ಬಲೂನು, ಕೊರಳಿಗೆ ಒಣಕೊಬ್ಬರಿಯ ಸರ. ಹಾದಿಯ ಕೊನೆಗೆ ಸುಣ್ಣದ ಗೆರೆ. ಗೆರೆ ದಾಟುವುದರೊಳಗೆ ಹುಡುಗರು ಸರ ಕಿತ್ತರೆ ಕಿತ್ತವನು ಗೆದ್ದ, ಸರದೊಂದಿಗೆ ದಾಟಿದರೆ ಹೋರಿ ಗೆದ್ದಿತು. ನಮ್ಮವರನ್ನು ಕರೆಸಿದ್ದು ಆ ಊರಿನ ಗೌಡರು. ಅವರ ಹೋರಿಯ ಹೆಸರು ತೂಫಾನ್. ಅದು ಓಡುವ ಫೋಟೋ ಬೇಕು, ಗೋಡೆಗೆ ಹಾಕುವಷ್ಟು ದೊಡ್ಡದು ಎಂದಿದ್ದರು.

ಸುಣ್ಣದ ಗೆರೆಯ ಆಚೆ ಒಂದು ಕಲ್ಲಿನ ಮೇಲೆ ನಿಂತೆವು. ತೂಫಾನ್ ಬಂತು. ಬಂತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಹೋಗಿತ್ತು. ಅದು ಹೋದ ಮೇಲೆ ನನ್ನ ಪಕ್ಕದಲ್ಲಿ ಟಕಟಕ ಶುರುವಾಯಿತು. ಧೂಳು ಕೂರುವವರೆಗೂ ಅವರು ಬಟನ್ ಬಿಡಲಿಲ್ಲ. ಕಾರ್ಡು ಒಂದು ಸಲವೂ ತಡವರಿಸಲಿಲ್ಲ. ನಲವತ್ತಮೂರು ಫೋಟೋ. ಒಂದರಲ್ಲೂ ಹೋರಿ ಇಲ್ಲ. ಮೊದಲನೆಯದರ ಅಂಚಿನಲ್ಲಿ ಬಾಲದ ತುದಿ ಮಾತ್ರ ಇತ್ತು.

ಅಷ್ಟರಲ್ಲಿ ಹಾದಿಯಲ್ಲಿ ಗಲಾಟೆ. ಹೋರಿಯ ಕೊರಳಲ್ಲಿ ಸರ ಇಲ್ಲ. ಮೇಲಿನ ಕೇರಿಯ ಒಬ್ಬ ತಾನು ಕಿತ್ತೆ ಎನ್ನುತ್ತಾನೆ, ಕೆಳಗಿನ ಕೇರಿಯ ಒಬ್ಬ ತಾನು ಎನ್ನುತ್ತಾನೆ. ಇಬ್ಬರ ಕೈಯಲ್ಲೂ ಕೊಬ್ಬರಿ ಇಲ್ಲ. ನನ್ನ ಕೈಯಿಂದ ಅವನು ಕಸಿದ ಎಂದು ಇಬ್ಬರೂ ಹೇಳುತ್ತಿದ್ದಾರೆ. ಬೇಲಿಯ ಬೊಂಬುಗಳು ಒಂದೊಂದಾಗಿ ಜನರ ಕೈಗೆ ಬಂದವು. ಒಬ್ಬನ ತಲೆಯಿಂದ ಆಗಲೇ ರಕ್ತ ಇಳಿಯುತ್ತಿತ್ತು. ನಾನು ಹೆದರಿ, "ಅಣ್ಣಾರೆ, ನಡೀರಿ, ಬಸ್ ಹಿಡಿಯಾನ" ಎಂದೆ.

ಅವರು ಕಲ್ಲಿನ ಮೇಲೆ ಕೂತು ಫೋಟೋಗಳನ್ನು ಒಂದೊಂದೇ ನೋಡುತ್ತಿದ್ದರು. "ತಡೀರಿ ಭಾಯಿ. ಇಲ್ಲೊಂದು ನಾಯಿ ಐತೆ."

ನಾಯಿ ಇತ್ತು. ಮೊದಲ ಫೋಟೋಗಳಲ್ಲಿ ಸರ ಸುಣ್ಣದ ಗೆರೆ ದಾಟಿ ಎರಡು ಮಾರು ಆಚೆ, ಹರಿದು ನೆಲಕ್ಕೆ ಬೀಳುತ್ತಿದೆ. ಮೇಲಿನ ಕೇರಿಯವನು ಎರಡೂ ಕೈಯಲ್ಲಿ ಬೇಲಿ ತಬ್ಬಿಕೊಂಡು ಕಾಲು ಮೇಲೆತ್ತಿದ್ದಾನೆ. ಕೆಳಗಿನ ಕೇರಿಯವನು ದೂರದಲ್ಲಿ ಬೋರಲು ಬಿದ್ದಿದ್ದಾನೆ. ಎಂಟನೆಯ ಫೋಟೋದಲ್ಲಿ ಕಂದುನಾಯಿಯೊಂದು ಬರುತ್ತದೆ, ಮೂಸುತ್ತದೆ, ಬಾಯಿ ಹಾಕುತ್ತದೆ. ಅಲ್ಲಿಂದ ನಲವತ್ತಮೂರರವರೆಗೆ ನಾಯಿ ಸರ ಕಚ್ಚಿಕೊಂಡು ಜೋಳದ ಹೊಲದ ಕಡೆ ಓಡುವುದು ಹೆಜ್ಜೆಹೆಜ್ಜೆಗೂ ಇದೆ. ನಡುವೆ ಏನೋ ನಡೆದಿರಬಹುದು ಎಂದು ಯಾರೂ ಹೇಳುವಂತಿರಲಿಲ್ಲ, ಅಷ್ಟು ಒತ್ತೊತ್ತಾಗಿದ್ದವು.

ನಾನು ಹೋಗಿ ಕಮಿಟಿಯವರನ್ನು ಕರೆತಂದೆ. ಐದು ಜನ ಹಿರಿಯರು ಬಿಸಿಲಿಗೆ ಕಾಣುವುದಿಲ್ಲವೆಂದು ತಲೆಯ ಮೇಲೆ ಟವೆಲು ಹೊದ್ದು, ಆ ಬೆಂಕಿಪೊಟ್ಟಣದಷ್ಟು ಸ್ಕ್ರೀನಿಗೆ ಕಣ್ಣು ಹಚ್ಚಿದರು. ಆಮೇಲೆ ಮೈಕಿನಲ್ಲಿ, "ಸರ ತಾನಾಗೇ ಬಿದ್ದೈತೆ. ತಗಂಡು ಹೋಗಿದ್ದು ನಾಯಿ. ಹೋರಿ ಗೆದ್ದೈತೆ" ಎಂದು ಸಾರಿದರು. ನಾಯಿ ಯಾವ ಕೇರಿಯದೆಂದು ಒಬ್ಬ ಕೂಗಿ ಕೇಳಿದ. ಜನ ನಕ್ಕರು. ಬೊಂಬುಗಳು ಬೇಲಿಗೆ ವಾಪಸ್ಸು ಹೋದವು.

ಗೌಡರಿಗೆ ಬಹುಮಾನದ ತಿಜೋರಿ ಸಿಕ್ಕಿತು. ಅವರು ಬಂದು ಫೋಟೋಗಳನ್ನು ಎರಡೆರಡು ಸಲ ನೋಡಿ, "ಎಲ್ಲಾ ಸರಿ ಸಾರ್, ನಮ್ಮ ತೂಫಾನ್ ಎಲ್ಲಿ?" ಎಂದರು. ನಮ್ಮವರು ಬಾಲ ತೋರಿಸಿದರು.

ಈ ಸುದ್ದಿ ಸುತ್ತಲ ಊರುಗಳಿಗೆ ಹರಡಿತು. ಹೋರಿ ಕಮಿಟಿಯವರು ಹುಡುಕಿಕೊಂಡು ಚನ್ನಗಿರಿಗೆ ಬರತೊಡಗಿದರು. "ಸಾರ್, ನೀವು ಅವಸರ ಮಾಡಬ್ಯಾಡ್ರಿ. ಹೋರಿ ಹೋದ ಮ್ಯಾಲೆ ಶುರು ಮಾಡ್ರಿ, ಸಾಕು" ಎಂದು ಗೌರವದಿಂದಲೇ ಹೇಳುತ್ತಿದ್ದರು. ಹಾರ ಹಾಕಿದರು, ಶಾಲು ಹೊದಿಸಿದರು. ನಮ್ಮವರು ಮಾತ್ರ ಒಳಗೊಳಗೇ ನೊಂದಿದ್ದರು. ಒಂದು ಮಧ್ಯಾಹ್ನ ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತು, "ನಲವತ್ತು ವರ್ಷ ಫೋಟೋ ತೆಗೆದೆ ಭಾಯಿ. ಈಗ ನೋಡಿದ್ರೆ ನಾನು ತಪ್ಪಿಸ್ಕಂಡಿದ್ದಕ್ಕೆ ಶಾಲು ಹೊದಿಸ್ತಾರೆ" ಎಂದರು. ನನ್ನ ಹೆಂಡತಿ ಮಂಡಕ್ಕಿ ಕೊಟ್ಟಳು. ಅವತ್ತು ತಿನ್ನಲಿಲ್ಲ.

ಮರುವರ್ಷ ಅದೇ ಊರು, ಅದೇ ತೂಫಾನ್. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವರು ತಮ್ಮ ಉಪಾಯ ವಿವರಿಸಿದರು. "ನಾನು ತಡ ಮಾಡ್ತೀನಿ ಅನ್ನಾದು ಗೊತ್ತೈತಲ್ಲ. ಅದಕ್ಕೆ ಹೋರಿ ಇನ್ನೂ ದೂರ ಇದ್ದಾಗ್ಲೇ ಶುರು ಮಾಡ್ತೀನಿ." ಸರಿ ಎಂದು ನನಗೂ ಅನ್ನಿಸಿತು. ಆದರೆ ಹೋರಿಯನ್ನು ದೂರದಿಂದ ನೋಡಬೇಕೆಂದರೆ ಹಾದಿಯ ನಟ್ಟನಡುವೆ ನಿಲ್ಲಬೇಕಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಅಲ್ಲಿಗೆ ಹೋಗಿ ನಿಂತೇಬಿಟ್ಟರು.

ತೂಫಾನ್ ಬಿಟ್ಟರು. ಬೇಲಿಯ ಮೇಲಿದ್ದ ಜನ ಸರೀರಿ, ಸರೀರಿ ಎಂದು ಕೂಗುತ್ತಿದ್ದಾರೆ. ನಾನೂ ಕೂಗಿದೆ. ಅವರು ತಲೆ ತಗ್ಗಿಸಿ, ಕ್ಯಾಮೆರಾದ ಬೆಲ್ಟು ಕೊರಳಲ್ಲಿ ತಿರುಚಿಕೊಂಡಿದ್ದನ್ನು ಬಿಡಿಸುತ್ತಿದ್ದರು. ಹೋರಿ ಬರುತ್ತಲೇ ಇತ್ತು. ಹುಡುಗರೆಲ್ಲ ಪಕ್ಕಕ್ಕೆ ಹಾರಿದರು. ಇವರು ಬೆಲ್ಟು ಬಿಡಿಸುತ್ತಲೇ ಇದ್ದರು. ನಾನು ಕಣ್ಣು ಮುಚ್ಚಿದೆ.

ಸದ್ದೇ ಇಲ್ಲದ್ದಕ್ಕೆ ಕಣ್ಣು ಬಿಟ್ಟೆ. ಹೋರಿ ನಿಂತಿತ್ತು. ಅವರಿಂದ ಒಂದು ಮಾರು ದೂರ, ನಾಲ್ಕು ಕಾಲೂ ಊರಿ, ಬುಸಬುಸ ಉಸಿರು ಬಿಡುತ್ತ ಅವರನ್ನೇ ನೋಡುತ್ತಿತ್ತು. ಅದು ಹುಟ್ಟಿದಾಗಿನಿಂದ ಎದುರಿಗೆ ಬಂದವರೆಲ್ಲ ಒಂದೋ ಓಡಿಹೋಗಿದ್ದರು, ಇಲ್ಲವೇ ಮೇಲೆ ಬಿದ್ದಿದ್ದರು. ಎರಡೂ ಮಾಡದ ಮನುಷ್ಯನನ್ನು ಏನು ಮಾಡಬೇಕೆಂದು ಅದಕ್ಕೆ ಹೊಳೆಯಲಿಲ್ಲವೋ ಏನೋ. ಸರ ಕೀಳಬೇಕೆಂಬುದೂ ಯಾರಿಗೂ ನೆನಪಾಗಲಿಲ್ಲ. ಅವರು ಬೆಲ್ಟು ಬಿಡಿಸಿ ಮುಗಿಸಿ, ತಲೆಯೆತ್ತಿ, ಹೋರಿಯನ್ನು ಸ್ವಲ್ಪ ಹೊತ್ತು ನೋಡಿದರು. ಕ್ಯಾಮೆರಾ ಎತ್ತಿದರು. ಒಂದು ಸಲ ಟಕ್ ಎಂದಿತು. ಆಮೇಲೆ ಬಸ್ಸಿನಲ್ಲಿ ಇಳಿಯುವವರಿಗೆ ಜಾಗ ಬಿಡುವಂತೆ ಪಕ್ಕಕ್ಕೆ ಸರಿದರು. ತೂಫಾನ್ ಮೆಲ್ಲಗೆ ನಡೆದುಕೊಂಡು ಸುಣ್ಣದ ಗೆರೆ ದಾಟಿತು.

ಗೌಡರು ಜನರನ್ನು ತಳ್ಳಿಕೊಂಡು ಬಂದರು. "ಹತ್ತು ಊರಾಗೆ ಇದನ್ನ ಯಾವನೂ ನಿಲ್ಲಿಸಿದ್ದಿಲ್ಲ. ಇಷ್ಟು ಜನರ ಮುಂದೆ ನಿಲ್ಲಿಸಿಬಿಟ್ರಲ್ರೀ."

"ನಾನು ನಿಲ್ಲಿಸ್ಲಿಲ್ಲ ಗೌಡ್ರೆ. ನಾನು ಹೊರಡ್ಲಿಲ್ಲ, ಅಷ್ಟೆ."

"ನಿಮ್ಮ ಫೋಟೋ ನಂಗೆ ಬ್ಯಾಡ" ಎಂದು ಗೌಡರು ತಿರುಗಿ ಹೋದರು. ಆ ವರ್ಷ ತೂಫಾನಿಗೆ ಬಹುಮಾನ ಬರಲಿಲ್ಲ. ನಡೆದು ದಾಟಿದ ಹೋರಿಗೆ ಏನು ಕೊಡಬೇಕೆಂದು ಕಮಿಟಿಯವರಿಗೂ ಗೊತ್ತಿರಲಿಲ್ಲ.

ವಾಪಸ್ಸು ಬರುವಾಗ ನಾನು, "ನಲವತ್ತು ತೆಗಿಯೋ ಕಾರ್ಡ್ ಐತೆ, ಒಂದೇ ತೆಗದ್ರಲ್ಲ ಅಣ್ಣಾರೆ" ಎಂದೆ. ಹರಿಹರದ ಕಡೆಯ ಲಾರಿಗಳು ನಾಲ್ಕು ಹಾದುಹೋದ ಮೇಲೆ ಉತ್ತರ ಬಂತು. "ನಿಂತಿತ್ತಲ್ರೀ. ನಿಂತವರನ್ನ ಒಂದೇ ತೆಗಿಯಾದು."

ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ಗೌಡರು ನಮ್ಮ ಅಂಗಡಿಗೆ ಬಂದರು. ತೂಫಾನ್ ಹೊಟ್ಟೆ ಉಬ್ಬರಿಸಿ ಸತ್ತಿತ್ತು. ಅವರು ಮೊಬೈಲ್ ತೆಗೆದು ವಿಡಿಯೋಗಳನ್ನು ತೋರಿಸಿದರು. ಎಷ್ಟೊಂದಿದ್ದವು. ಎಲ್ಲದರಲ್ಲೂ ಹೋರಿ ಓಡುತ್ತಿತ್ತು. ಧೂಳು, ಬಲೂನು, ಜನರ ಬೆನ್ನು. "ಮುಖ ಒಂದ್ರಾಗೂ ಕಾಣವಲ್ದು" ಎಂದು ಮೊಬೈಲನ್ನು ಕೌಂಟರಿನ ಮೇಲೆ ಬೋರಲು ಹಾಕಿದರು. ನಾನು ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಅವರನ್ನು ಚನ್ನಗಿರಿಗೆ ಕರೆದುಕೊಂಡು ಹೋದೆ.

ಫೋಟೋದವರು ಗೌಡರನ್ನು ಕಂಡು ಎದ್ದರು. ಒಳಗಿನಿಂದ ಪೇಪರಿನಲ್ಲಿ ಸುತ್ತಿದ ದೊಡ್ಡ ಪ್ರಿಂಟೊಂದನ್ನು ತಂದು ಮೇಜಿನ ಮೇಲೆ ಬಿಡಿಸಿದರು. ಯಾವತ್ತೋ ಹಾಕಿಸಿ ಇಟ್ಟಿದ್ದರು. ಒದ್ದೆ ಮೂಗು, ಹಣೆಯ ಸುಳಿ, ಕೊಂಬಿನ ನಡುವೆ ಒಂದು ಹಸಿರು ಬಲೂನು, ತುಟಿಗೆ ಅಂಟಿದ ಹುಲ್ಲಿನ ಎಸಳು. ಎರಡೂ ಕಣ್ಣು ನೇರ ನಮ್ಮ ಕಡೆಗೆ. ಗೌಡರು ಕೈ ಮುಂದೆ ತಂದರು, ಫೋಟೋ ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

"ಕೆಳಗೆ ಹೆಸ್ರು ಬರೀಲಾ?" ಎಂದು ಫೋಟೋದವರು ಕೇಳಿದರು. ಗೌಡರು ಹೂಂ ಎಂದು ತಲೆಯಾಡಿಸಿದರು. ಫೋಟೋದವರು ಬಿಳಿ ಬಣ್ಣದ ಡಬ್ಬಿ ಹುಡುಕಿ, ಸಣ್ಣ ಬ್ರಶ್ಶು ತೊಳೆದು, ಒರೆಸಿ, ಕನ್ನಡಕ ಬದಲಾಯಿಸಿ ಕೂತರು. ತೂ ಬರೆದು ಮುಗಿಸುವ ಹೊತ್ತಿಗೆ ಮೂರು ಗಂಟೆಯ ಬಸ್ಸು ಹೋಯಿತು. ಫಾ ಅರ್ಧವಾಗಿದ್ದಾಗ ನಾಲ್ಕರದ್ದೂ ಹಾರ್ನ್ ಹೊಡೆದುಕೊಂಡು ಹೊರಟಿತು. ನಾನು ಎದ್ದು ನಿಂತು ಗೌಡರ ಮುಖ ನೋಡಿದೆ. ಅವರು ಬ್ರಶ್ಶಿನ ತುದಿಯಿಂದ ಕಣ್ಣು ತೆಗೆಯಲಿಲ್ಲ.

"ಕೂತ್ಕಳ್ರಿ ಭಾಯಿ," ಎಂದರು ಗೌಡರು. "ನಿಧಾನಕ್ಕೆ ಬರೀಲಿ."